ಮೇಷ್ಟ್ರು ಅರ್ಧಕ್ಕೇ ಬಿಟ್ಟ ಮಾತು

1951ನೆಯ ಇಸವಿ. ಬಳ್ಳಾರಿ ಇನ್ನೂ ಮದರಾಸು ರಾಜ್ಯಕ್ಕೆ ಸೇರಿದ್ದ ಕಾಲ. ನಾನು ಕುರುಗೋಡಿನ ಶಾಲೆಯಲ್ಲಿ ಆರನೆಯ ಕ್ಲಾಸಿನಲ್ಲಿದ್ದೆ. ಆ ವರ್ಷ ಸಂಕ್ರಾಂತಿ ಕಳೆದ ವಾರ ನಮ್ಮ ಶಾಲೆಯ ಅಂಗಳದಲ್ಲಿ ನಡೆದ ಒಂದು ಸಂಗತಿಯನ್ನು ಊರಿಗೆ ಊರೇ ಕಣ್ಣಾರೆ ಕಂಡಿತು. ಕಂಡವರೆಲ್ಲ ತಪ್ಪು ತಿಳಿದುಕೊಂಡರು. ನಿಜ ಗೊತ್ತಿದ್ದವಳು ನಾನೊಬ್ಬಳೇ. ಆದರೆ ಬಾಯಿ ಬಿಡಬಾರದೆಂದು ನನಗೆ ಅಪ್ಪಣೆಯಾಗಿತ್ತು. ಅಪ್ಪಣೆ ಕೊಟ್ಟವರು ಈಗಿಲ್ಲ, ನನಗೂ ವಯಸ್ಸಾಯಿತು. ಇನ್ನು ಹೇಳಿದರೆ ತಪ್ಪಾಗಲಾರದು.

ನಮ್ಮ ಮೇಷ್ಟ್ರ ಹೆಸರು ವೀರಭದ್ರಯ್ಯ. ಕಚ್ಚೆ ಪಂಚೆ, ಕುತ್ತಿಗೆಯವರೆಗೂ ಗುಂಡಿ ಹಾಕಿದ ಕರಿ ಕೋಟು, ತಲೆಗೆ ರುಮಾಲು, ಬಿಸಿಲಿರಲಿ ಇಲ್ಲದಿರಲಿ ಕಂಕುಳಲ್ಲಿ ಒಂದು ಛತ್ರಿ. ಆಳು ಗಿಡ್ಡ, ಮಾತು ಮಾತ್ರ ಮಾರುದ್ದ. ನೀರು ಬೇಕಾದರೆ ನೀರು ಕೊಡು ಎಂದು ಅವರು ಕೇಳಿದ್ದನ್ನು ನಾನು ಕಾಣೆ. "ತೃಷಾಶಮನಾರ್ಥವಾಗಿ ಕಿಂಚಿತ್ ಜಲವನ್ನು ಅನುಗ್ರಹಿಸು" ಎನ್ನುತ್ತಿದ್ದರು. ತಡವಾಗಿ ಬಂದ ಹುಡುಗನನ್ನು ಬಾಗಿಲಲ್ಲೇ ನಿಲ್ಲಿಸಿ, "ವಿಲಂಬಾಗಮನಕ್ಕೆ ಕಾರಣವೇನಯ್ಯಾ, ನಿದ್ರಾಪರವಶಶಿರೋಮಣಿ?" ಎಂದು ಕೇಳುತ್ತಿದ್ದರು. ಆ ಹುಡುಗ ತನ್ನನ್ನು ಹೊಗಳಿದರೆಂದು ಹಿಗ್ಗಿ ಒಳಗೆ ಬಂದು ಕೂರುತ್ತಿದ್ದ.

ನನ್ನ ಹೆಸರು ಪಾರ್ವತಿ. ಮನೆಯಲ್ಲಿ, ಓಣಿಯಲ್ಲಿ ಎಲ್ಲರಿಗೂ ಪಾರಿ. ಮೇಷ್ಟ್ರಿಗೆ ಮಾತ್ರ ನಾನು 'ಪರ್ವತರಾಜಪುತ್ರಿ'. ಹಾಜರಿ ಕೂಗುವಾಗಲೂ ಹಾಗೆಯೇ. ಹೀಗೆ ಎಲ್ಲರ ಹೆಸರನ್ನೂ ಹಿಗ್ಗಿಸುತ್ತ ಹೋದರೆ ಹಾಜರಿ ಮುಗಿಯುವ ಹೊತ್ತಿಗೆ ಮೊದಲ ಪಾಠದ ಹೊತ್ತು ಅರ್ಧ ಕಳೆದಿರುತ್ತಿತ್ತು. ಅವರ ಹೆಂಡತಿ ಶಾಂತವ್ವ ಈ ಮಾತುಗಳಿಗೆಲ್ಲ ಸೊಪ್ಪು ಹಾಕುತ್ತಿರಲಿಲ್ಲ. "ನೀವು ಆ ಮಾತು ಮುಗಸಾದ್ರೊಳಗ ರೊಟ್ಟಿ ತಣ್ಣಗಾಗತಾವು, ಮೊದ್ಲ ಉಣ್ಣಾಕ ಏಳ್ರಿ" ಎಂದು ಅಡುಗೆಮನೆಯಿಂದಲೇ ಕೂಗುತ್ತಿದ್ದರು.

ಊರವರು ನಗುತ್ತಿದ್ದರು, ನಿಜ. ಆದರೆ ಆ ನಗೆಯಲ್ಲಿ ಹೆಮ್ಮೆಯೂ ಇತ್ತು. ಲಗ್ನಪತ್ರಿಕೆ ಬರೆಸಬೇಕೆಂದರೆ ಎಲ್ಲರೂ ಅವರ ಮನೆಗೇ ಬರುತ್ತಿದ್ದರು. ಅರ್ಥವಾಗದಿದ್ದಷ್ಟೂ ಪತ್ರಿಕೆಗೆ ತೂಕ ಹೆಚ್ಚು ಎಂಬುದು ಎಲ್ಲರ ನಂಬಿಕೆ. ನನಗಂತೂ ಓದು ಎಂದರೆ ಮೇಷ್ಟ್ರ ಆ ಮಾತುಗಳೇ. ಹೊಸ ಮಾತು ಕಿವಿಗೆ ಬಿದ್ದರೆ ಸಾಕು, ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಅರ್ಥ ಗೊತ್ತಾಗುತ್ತಿರಲಿಲ್ಲ. ಬಾಯಲ್ಲಿ ಇಟ್ಟುಕೊಂಡರೆ ಪೆಪ್ಪರಮಿಂಟು ಚೀಪಿದಷ್ಟು ಖುಷಿಯಾಗುತ್ತಿತ್ತು.

ಹೀಗಿರುವಾಗ ದೀಪಾವಳಿಯ ಹೊತ್ತಿಗೆ ಒಂದು ಸುದ್ದಿ ಬಂತು. ಮಕ್ಕಳು ಸಾಲದ್ದರಿಂದ ನಮ್ಮ ಶಾಲೆಯಲ್ಲಿ ಏಳು, ಎಂಟನೆಯ ಕ್ಲಾಸುಗಳನ್ನು ಬರುವ ಜೂನ್‌ನಿಂದ ಮುಚ್ಚುತ್ತಾರಂತೆ. ಗಂಡುಹುಡುಗರಿಗೆ ಅದೇನೂ ದೊಡ್ಡ ವಿಷಯವಲ್ಲ. ಬಳ್ಳಾರಿಯಲ್ಲಿ ಯಾರಾದರೂ ನೆಂಟರ ಮನೆಯಲ್ಲಿ ಇಟ್ಟರೆ ಆಯಿತು. ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೆ? ನಮ್ಮಪ್ಪನಿಗೆ ಬಳೆ ಅಂಗಡಿಯಿತ್ತು. ಸುದ್ದಿ ಕೇಳಿದ ದಿನವೇ ಸಂಜೆ ಅಪ್ಪ ಅವ್ವನ ಹತ್ತಿರ, "ಓದಾಕ ಬರಿಯಾಕ ಬಂತಲ್ಲ, ಸಾಕು. ನಿನ್ನ ತಮ್ಮಗ ಹೇಳಿ ಕಳಸು" ಎಂದ. ಅವ್ವನ ತಮ್ಮ ಎಂದರೆ ಸಿರುಗುಪ್ಪದಲ್ಲಿ ಗದ್ದೆ ಮಾಡಿಕೊಂಡಿದ್ದ ನನ್ನ ಸೋದರಮಾವ. ನನ್ನನ್ನು ಅವನಿಗೇ ಕೊಡುವುದೆಂದು ನಾನು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಮಾವ ಒಳ್ಳೆಯವನೇ. ಬಂದಾಗೆಲ್ಲ ಬೆಲ್ಲದ ಅಚ್ಚು ತರುತ್ತಿದ್ದ. ಆದರೆ ನನಗೆ ಇನ್ನೂ ಹನ್ನೆರಡು ತುಂಬಿರಲಿಲ್ಲ. ಅವತ್ತು ನಾನು ಊಟ ಬಿಟ್ಟು ಅತ್ತೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಸಂಕ್ರಾಂತಿಯಾದ ಮೇಲೆ ಶಾಲೆಗಳನ್ನು ನೋಡಲು ಬಳ್ಳಾರಿಯಿಂದ ದೊಡ್ಡ ಸಾಹೇಬರು ಬರುತ್ತಾರೆ ಎಂದು ತಿಳಿಯಿತು. ಶಾಲೆ ಮುಚ್ಚುವ ಕಾಗದಕ್ಕೆ ಸಹಿ ಹಾಕುವವರು ಅವರೇ. ಊರ ಗೌಡರು ನಾಲ್ಕು ಜನ ಹಿರಿಯರನ್ನು ಕೂಡಿಸಿ, ಅವರಿಗೊಂದು ಮಾನಪತ್ರ ಅರ್ಪಿಸಿ, ಅದರಲ್ಲೇ ಶಾಲೆಯ ವಿಷಯ ಕೇಳುವುದೆಂದು ತೀರ್ಮಾನಿಸಿದರು. ಆ ಕಾಲದಲ್ಲಿ ಯಾವ ಅಧಿಕಾರಿ ಬಂದರೂ ಇದೇ ಪದ್ಧತಿ. ಹೊಗಳಿಕೆಯನ್ನು ಚೆಂದವಾಗಿ ಅಚ್ಚು ಹಾಕಿಸಿ, ಗಾಜಿನ ಚೌಕಟ್ಟು ಕಟ್ಟಿಸಿ, ಎಲ್ಲರ ಮುಂದೆ ಓದಿ, ಅವರ ಕೈಗೆ ಕೊಡುವುದು. ಊರಿಗೆ ಏನು ಬೇಕೋ ಅದನ್ನು ಎಲ್ಲಕ್ಕಿಂತ ಕೊನೆಯಲ್ಲಿ, ಒಂದೇ ಸಾಲಿನಲ್ಲಿ ಬರೆಯಬೇಕು. ಮೊದಲೇ ಕೇಳಿದರೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕೈಯೊಡ್ಡಿದಂತೆ ಎಂದು ಹಿರಿಯರು ಹೇಳುತ್ತಿದ್ದರು.

ಬರೆಯುವವರು ಯಾರೆಂದು ಕೇಳಬೇಕಾಗಿರಲಿಲ್ಲ. "ಸಣ್ಣದು ಬ್ಯಾಡ್ರಿ ಅಯ್ಯೋರ. ಹೋದ ವರ್ಷ ಸಿರುಗುಪ್ಪದಾಗ ಒಂದು ಓದ್ಯಾರಂತ, ಅದಕ್ಕಿಂತ ದೊಡ್ಡದಿರ್ಲಿ" ಎಂದು ಗೌಡರೇ ಹುರಿದುಂಬಿಸಿದರು. ಮೇಷ್ಟ್ರು ತಿಂಗಳುಗಟ್ಟಲೆ ಕೂತು ಬರೆದರು. ಬರೆದದ್ದನ್ನು ನಮ್ಮ ಮುಂದೆ ಓದುತ್ತಿದ್ದರು. ನಾನು ಒಂದು ಸಲ ಧೈರ್ಯ ಮಾಡಿ, "ಸಾಲಿ ಸುದ್ದಿ ಮೊದ್ಲ ಹೇಳಿದ್ರ ಆಗಂಗಿಲ್ಲೇನ್ರಿ?" ಎಂದು ಕೇಳಿದ್ದೆ. "ಪರ್ವತರಾಜಪುತ್ರೀ, ಕ್ರಮೋಲ್ಲಂಘನವು ಶಿಷ್ಟಜನಸಮ್ಮತವಲ್ಲ" ಎಂದರು. ನಾನು ಅದನ್ನೂ ಕೊನೆಯ ಹಾಳೆಯಲ್ಲಿ ಬರೆದುಕೊಂಡೆ.

ಆ ಮಾನಪತ್ರದಲ್ಲಿ ಒಂದು ಪದವಿತ್ತು. ಮೇಷ್ಟ್ರ ಆಯುಷ್ಯದಲ್ಲೇ ಅಷ್ಟು ಉದ್ದದ್ದು ಇನ್ನೊಂದಿಲ್ಲ. 'ಸಕಲವಿದ್ಯಾರ್ಥಿಜನಹೃದಯಕುಮುದವನವಿಕಾಸಕಶರಚ್ಚಂದ್ರಸದೃಶರೇ!' ಎಲ್ಲ ಮಕ್ಕಳ ಮನಸ್ಸೆಂಬ ನೈದಿಲೆಗಳನ್ನು ಅರಳಿಸುವ ಚಂದ್ರನಂಥವರೇ ಎಂದು ಅದರ ಅರ್ಥ. ಅವರು ಅದನ್ನು ಎಷ್ಟು ಸಲ ಹೇಳಿದ್ದರೆಂದರೆ ಊರ ಮಕ್ಕಳಿಗೆಲ್ಲ ಬಾಯಿಪಾಠವಾಗಿತ್ತು. ಕುಂಟಾಟ ಆಡುವಾಗ ನಾವು ಅದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬೇಕು, ನಡುವೆ ನಿಂತರೆ ಔಟು.

ಅಚ್ಚು ಹಾಕಿಸಲು ಬಳ್ಳಾರಿಗೆ ಹೋದಾಗ ಮೇಷ್ಟ್ರ ಜೊತೆ ಬಳೆ ತರಲು ಅಪ್ಪನೂ ಹೋಗಿದ್ದ. ಪ್ರೆಸ್ಸಿನಲ್ಲಿ ಅಕ್ಷರದ ಮೊಳೆ ಜೋಡಿಸುವವನು, "ಅಯ್ಯೋರ, ಈ ಪದ ಒಂದ ಸಾಲಿನ್ಯಾಗ ಕುಂದ್ರಂಗಿಲ್ಲ. ಮುರದು ಎರಡ ಸಾಲಿಗೆ ಹಾಕ್ಲೇನ್ರಿ?" ಎಂದನಂತೆ. ಮೇಷ್ಟ್ರ ಮುಖ ಕೆಂಪಾಯಿತಂತೆ. "ಪದಭಂಗವು ಪ್ರಾಣಭಂಗಕ್ಕೆ ಸಮಾನ!" ಎಂದು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರಂತೆ. ಕೊನೆಗೆ ಆ ಒಂದು ಸಾಲಿಗೆ ಸಣ್ಣ ಅಕ್ಷರ ಹುಡುಕಿ, ಪದ ಮುರಿಯದಂತೆ ಕೂರಿಸಿ ಕೊಟ್ಟ ಮೇಲೆಯೇ ಎದ್ದರಂತೆ. "ಮಧ್ಯಾನದ ಊಟ ತಪ್ಪಿತ ನೋಡು ಆ ಒಂದ ಪದದ ಸಲವಾಗಿ" ಎಂದು ಅಪ್ಪ ಮನೆಗೆ ಬಂದು ಗೊಣಗಿದ.

ಆ ದಿನ ಬಂತು. ಶಾಲೆಯ ಅಂಗಳದಲ್ಲಿ ಚಪ್ಪರ, ಮಾವಿನ ತೋರಣ, ಗೌಡರ ಮನೆಯ ಕುರ್ಚಿ, ಬಳ್ಳಾರಿಯಿಂದ ತರಿಸಿದ ಗೋಲಿಸೋಡ. ಬೆಳಿಗ್ಗೆ ಒಂಬತ್ತಕ್ಕೆ ಬರಬೇಕಾದ ಸಾಹೇಬರು ದಾರಿಯಲ್ಲಿ ಟೈರು ಪಂಕ್ಚರಾಗಿ ಹನ್ನೆರಡರ ಮೇಲೆ ಬಂದರು. ಎರಡಕ್ಕೆ ಸಿರುಗುಪ್ಪದಲ್ಲಿರಬೇಕು. ಪಾಪ, ಮುಖ ಬಾಡಿತ್ತು. ಆದರೂ ಸಿಡುಕಲಿಲ್ಲ. ಎಲ್ಲರಿಗೂ ಕೈ ಮುಗಿದು ಕೂತರು. ತೆಲುಗಿನವರು, ಕನ್ನಡ ಅಷ್ಟಿಷ್ಟು ಆಡುತ್ತಿದ್ದರು.

ಮಾನಪತ್ರವನ್ನು ಚೌಕಟ್ಟಿನಿಂದಲೇ ಓದಬೇಕೆಂದು ಮೇಷ್ಟ್ರ ಹಟ. ಅದು ಭಾರವಾಗಿದ್ದರಿಂದ ಒಂದು ತುದಿಯನ್ನು ನಾನು, ಇನ್ನೊಂದು ತುದಿಯನ್ನು ನನ್ನ ಗೆಳತಿ ಗಂಗಿ ಹಿಡಿದು ನಿಂತಿದ್ದೆವು. ಮೇಷ್ಟ್ರು ಗಾಜಿನ ಮೇಲೆ ಬೊಟ್ಟು ಇಟ್ಟು, ಸಾಲು ಸಾಲಾಗಿ ಸರಿಸುತ್ತ ಓದತೊಡಗಿದರು. ಕುತ್ತಿಗೆ ತಿರುಗಿಸಿದರೆ ನನಗೂ ಅಕ್ಷರ ಕಾಣುತ್ತಿತ್ತು. ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ನಮ್ಮ ಶಾಲೆ ಇತ್ತು. ಮೇಷ್ಟ್ರ ಬೊಟ್ಟು ಇನ್ನೂ ಮೇಲಿತ್ತು.

ಕುರುಗೋಡಿನ ಗುಡ್ಡದ ವರ್ಣನೆಯಾಯಿತು. ಸಾಹೇಬರ ವಿದ್ಯೆಯ ವರ್ಣನೆಯಾಯಿತು. ಅವರ ನಡೆ, ನುಡಿ, ನಗೆ, ಒಂದೊಂದಕ್ಕೂ ಎರಡೆರಡು ಸಾಲು. ಮೇಷ್ಟ್ರ ದನಿ ಅವತ್ತು ಎಷ್ಟು ಚೆನ್ನಾಗಿತ್ತೆಂದರೆ ಅರ್ಥವಾಗದಿದ್ದರೂ ಜನ ತಲೆದೂಗುತ್ತಿದ್ದರು. ಆದರೆ ಸಾಹೇಬರು ಎರಡು ಸಲ ಗಡಿಯಾರ ನೋಡಿಕೊಂಡರು. ಅವರ ಜವಾನ ಬಗ್ಗಿ, "ಟೈಮ್ ಅಯಿಂದಿ ಸಾರ್" ಎಂದು ತೆಲುಗಿನಲ್ಲಿ ಪಿಸುಗುಟ್ಟಿದ. ಚಪ್ಪರದಾಚೆ ಡ್ರೈವರು ಜೀಪು ಸ್ಟಾರ್ಟ್ ಮಾಡಿದ. ನಾನು ಕೆಳಗಿನ ಸಾಲುಗಳನ್ನು ಎಣಿಸಿದೆ. ಹದಿನಾಲ್ಕು ಉಳಿದಿದ್ದವು.

ಮೇಷ್ಟ್ರು ಆಗ ತಾನೇ ತಮ್ಮ ಪದಕ್ಕೆ ಬಂದಿದ್ದರು. ಎದೆ ತುಂಬ ಉಸಿರು ತೆಗೆದುಕೊಂಡು, "ಸಕಲವಿದ್ಯಾರ್ಥಿಜನಹೃದಯ..." ಎಂದು ಶುರು ಮಾಡಿದರು. ಅದೇ ಹೊತ್ತಿಗೆ ಸಾಹೇಬರು ನಗುತ್ತ ಎದ್ದು ನಿಂತು, "ಚಾಲಾ ಸಂತೋಷಂ" ಎಂದು ಕೈ ಮುಗಿದರು. ಅವರು ಎದ್ದದ್ದೇ ತಡ, ಮಾನಪತ್ರ ಮುಗಿಯಿತೆಂದುಕೊಂಡು ಜನ ಚಪ್ಪಾಳೆ ಹೊಡೆದರು. ಗೌಡರು ಹಾರ ಹಿಡಿದು ಮುಂದೆ ಬಂದರು. ಜವಾನ ಚೌಕಟ್ಟು ಇಸಿದುಕೊಳ್ಳಲು ನನ್ನ ಕೈ ಹತ್ತಿರ ಕೈ ತಂದ. ಕೊಟ್ಟರೆ ಮುಗಿಯಿತು, ಅದು ಜೀಪು ಹತ್ತಿ ಯಾವುದೋ ಗೋಡೆಗೆ ಹೋಗುತ್ತದೆ, ಕೆಳಗಿನ ಸಾಲನ್ನು ಯಾರೂ ಓದುವುದಿಲ್ಲ. ನಾನು ಬಿಡದೆ ಗಟ್ಟಿಯಾಗಿ ಹಿಡಿದುಕೊಂಡೆ. ಅಳು ಬಂತು.

"...ಕುಮುದವನ..."

ಅಲ್ಲಿಗೆ ಮೇಷ್ಟ್ರು ನಿಂತರು.

ಅವರ ಬೊಟ್ಟು ಆ ಪದದ ಮೇಲೆಯೇ ಇತ್ತು. ನಾನು ನೋಡುತ್ತಿದ್ದೆ. ಉಳಿದ ಅರ್ಧ ಅವರ ಉಗುರಿನ ಪಕ್ಕದಲ್ಲೇ ಇತ್ತು. ಅವರು ಕೆಳಗಿನ ಸಾಲನ್ನು ಒಮ್ಮೆ ನೋಡಿದರು. ಜೀಪನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಬೊಟ್ಟು ತೆಗೆದು, ಚೌಕಟ್ಟನ್ನು ಕೈಯಿಂದ ಪಕ್ಕಕ್ಕೆ ಸರಿಸಿ, ಸಾಹೇಬರ ಎದುರಿಗೇ ಹೋಗಿ ನಿಂತರು.

"ಸಾಹೇಬ್ರ, ಸಾಲಿ ಮುಚ್ಚಬ್ಯಾಡ್ರಿ" ಎಂದರು.

ಚಪ್ಪಾಳೆ ನಿಂತಿತು. ಗೌಡರ ಕೈಯ ಹಾರ ಹಾಗೇ ಉಳಿಯಿತು. ಸಾಹೇಬರು ಮುಂದಿಟ್ಟ ಹೆಜ್ಜೆ ಹಿಂದೆ ತೆಗೆದರು. "ಏಮಿ? ಚೆಪ್ಪಂಡಿ ಮೇಷ್ಟ್ರೇ, ಏನು ಬೇಕು ಹೇಳಿ" ಎಂದರು.

ಮೇಷ್ಟ್ರು ನನ್ನನ್ನು ತೋರಿಸಿದರು. "ಈ ಹುಡುಗಿ ಪಾರಿ ಅಂತ. ಚಲೋ ಓದ್ತಾಳ. ಮುಂದಿನ ಕ್ಲಾಸ್ ಇಲ್ಲಂದ್ರ ಇಕಿನ್ನ ಮದಿವಿ ಮಾಡ್ತಾರ. ಇಂಥಾ ಹುಡುಗ್ಯಾರು ಇನ್ನೂ ಅದಾರ. ಎಲ್ಲಿಗೂ ಹೋಗಾಕ ಆಗಂಗಿಲ್ಲ ಅವಕ್ಕ. ಮುಚ್ಚಬ್ಯಾಡ್ರಿ. ಅಷ್ಟ ನಮ್ಮ ಮಾತು."

ಮೇಷ್ಟ್ರ ಬಾಯಲ್ಲಿ ಪಾರಿ ಎಂಬ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಸಾವಿರ ಜನರ ಮುಂದೆ ಮಾರುದ್ದದ ಮಾತಾಡುವಾಗ ನಡುಗದ ಮನುಷ್ಯ ಈ ನಾಲ್ಕು ಸಣ್ಣ ಮಾತಾಡುವಾಗ ನಡುಗಿದರು.

ಸಾಹೇಬರು ನನ್ನ ಕಡೆ ತಿರುಗಿದರು. "ಏನಮ್ಮಾ, ಓದ್ತೀಯಾ?" ಎಂದರು.

"ಓದ್ತೀನ್ರಿ."

"ಯಾಕೆ ಓದಬೇಕು?"

ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ನಮ್ಮ ಮೇಷ್ಟ್ರ ಮಾತು ನನಗ ಇನ್ನೂ ಅರ್ಧ ತಿಳಿಯಂಗಿಲ್ರಿ. ಪೂರಾ ತಿಳೀಬೇಕ್ರಿ."

ಜನ ಗೊಳ್ಳೆಂದು ನಕ್ಕರು. ಸಾಹೇಬರೂ ಹೊಟ್ಟೆ ಹಿಡಿದು ನಕ್ಕರು. "ನನಗೂ ಅರ್ಧವೇ ತಿಳೀತಮ್ಮಾ" ಎಂದರು. ಆಮೇಲೆ ಜೊತೆಗೆ ಬಂದಿದ್ದ ಗುಮಾಸ್ತನನ್ನು ಕರೆದು ತೆಲುಗಿನಲ್ಲಿ ಏನೋ ಬರೆಸಿದರು. ಗೌಡರ ಕಡೆ ತಿರುಗಿ, "ಎರಡು ವರ್ಷ ನಡೀಲಿ. ಮಕ್ಕಳನ್ನ ಕಳಿಸೋದು ನಿಮ್ಮ ಜವಾಬ್ದಾರಿ" ಎಂದು ಹೇಳಿ ಹಾರ ಹಾಕಿಸಿಕೊಂಡು ಜೀಪು ಹತ್ತಿದರು. ನಾನು ಚೌಕಟ್ಟು ಬಿಟ್ಟೆ. ಅದೂ ಅವರ ಜೊತೆ ಹೋಯಿತು.

ಶಾಲೆ ಉಳಿಯಿತು. ಮೇಷ್ಟ್ರನ್ನು ಊರು ಹೊತ್ತು ಮೆರೆಸಿತು ಎಂದುಕೊಂಡಿರಾ? ಇಲ್ಲ. ಮೇಷ್ಟ್ರು ಸಾಹೇಬರ ಮುಂದೆ ಗಾಬರಿಯಾಗಿ ಮಾತು ಮರೆತರು, ಮರೆತದ್ದಕ್ಕೆ ಏನೋ ಒಂದು ಒದರಿದರು, ಸಾಹೇಬರು ಒಳ್ಳೆಯವರಾದ್ದರಿಂದ ಊರ ಮಾನ ಉಳಿಯಿತು. ಊರು ತಿಳಿದುಕೊಂಡದ್ದು ಹೀಗೆ. ಗೌಡರೇ ಅವರ ಬೆನ್ನು ತಟ್ಟಿ, "ಹೋಗ್ಲಿ ಬಿಡ್ರಿ ಅಯ್ಯೋರ, ವಯಸ್ಸಾತು ನಿಮಗೂ" ಎಂದರು. ಓಣಿಯಲ್ಲಿ ಹುಡುಗರು ಮೇಷ್ಟ್ರನ್ನು ಕಂಡರೆ "ಸಕಲವಿದ್ಯಾರ್ಥಿಜನಹೃದಯಕುಮುದವನ..." ಎಂದು ಕೂಗಿ, ಬಾಯಿ ಮೇಲೆ ಕೈ ಇಟ್ಟುಕೊಂಡು ನಿಲ್ಲುತ್ತಿದ್ದರು. ಆ ವರ್ಷ ಒಂದಿಬ್ಬರು ಲಗ್ನಪತ್ರಿಕೆ ಬರೆಸಲು ಬಳ್ಳಾರಿಗೇ ಹೋದರು. ಮೇಷ್ಟ್ರು ಛತ್ರಿಯನ್ನು ಕಂಕುಳಲ್ಲಿ ಒತ್ತಿ ಹಿಡಿದು ತಲೆ ತಗ್ಗಿಸಿ ಹೋಗುತ್ತಿದ್ದರು.

ಮನೆಯಲ್ಲಿ ಅಪ್ಪನ ಸಿಟ್ಟು ಬೇರೆ. "ಮದಿವಿ ಮಾತು ತಗದು ಊರ ಮುಂದ ನನ್ನ ಮಾನ ಕಳದ್ರು ಆ ಮೇಷ್ಟ್ರು" ಎಂದು ಎರಡು ದಿನ ಕೂಗಾಡಿದ. ಅವ್ವ ರೊಟ್ಟಿ ತಟ್ಟುತ್ತ, "ಇದ್ದದ್ದ ಹೇಳ್ಯಾರ. ಕೂಸು ಓದ್ಲಿ ಬಿಡ್ರಿ ಎರಡು ವರ್ಷ" ಎಂದಳು. ಅವ್ವ ನನ್ನ ಪರವಾಗಿ ಮಾತಾಡಿದ್ದು ಅದೇ ಮೊದಲು. ಮಾವ ಮರುವರ್ಷ ಮೋಕ ಎಂಬ ಊರಿನ ಹುಡುಗಿಯನ್ನು ಮದುವೆಯಾದ. ಆ ಮದುವೆಯಲ್ಲಿ ನಾನು ಮೂರು ಹೋಳಿಗೆ ತಿಂದೆ.

ಮೇಷ್ಟ್ರನ್ನು ಒಬ್ಬರೇ ಇದ್ದಾಗ ಹಿಡಿಯಲು ನನಗೆ ನಾಲ್ಕು ದಿನ ಬೇಕಾಯಿತು. ಶಾಲೆ ಬಿಟ್ಟ ಮೇಲೆ ಕರಿಹಲಗೆ ಒರೆಸುವ ನೆವದಲ್ಲಿ ಉಳಿದುಕೊಂಡೆ.

"ಮೇಷ್ಟ್ರ, ನೀವು ಮರೀಲಿಲ್ಲ. ನಿಮ್ಮ ಬೊಟ್ಟು ಅಲ್ಲೇ ಇತ್ತು. ನಾ ನೋಡೀನ್ರಿ" ಎಂದೆ.

ಅವರು ಬಾಗಿಲ ಕಡೆ ನೋಡಿದರು. "ಪರ್ವತರಾಜಪುತ್ರೀ, ಏತದ್ವಿಷಯಪ್ರಕಟನವು ಸರ್ವಥಾ ಪರಿವರ್ಜನೀಯ" ಎಂದರು. ನಾನು ಕಣ್ಣು ಪಿಳಿಪಿಳಿ ಬಿಟ್ಟೆ.

"ಬಾಯಿ ಮುಚ್ಕೊಂಡಿರು ಅಂದೆ."

"ಯಾಕ್ರಿ? ಎಲ್ಲಾರೂ ನಗತಾರ್ರಿ ನಿಮಗ."

"ನಗ್ಲಿ. ಮರತೆ ಅಂದ್ರ ನಗತಾರ, ನಾಳಿ ಸುಮ್ನಾಗತಾರ. ಬೇಕಂತ ಬಿಟ್ಟೆ ಅಂತ ತಿಳಿದ್ರ, ಊರ ಹಿರ್ಯಾರು ಮಾಡಿಸಿದ ಮಾನಪತ್ರಕ್ಕ ಈ ಮೇಷ್ಟ್ರು ಅಪಮಾನ ಮಾಡ್ಯಾರ ಅಂತಾರ. ಸಾಹೇಬ್ರ ಕಿವಿಗೆ ಬಿದ್ರ ಇನ್ನೂ ಕಷ್ಟ. ಸಾಲಿ ಉಳದೈತಲ್ಲ?"

"ಉಳದೈತ್ರಿ."

"ಮತ್ತ?" ಎಂದು ಛತ್ರಿ ತೆಗೆದುಕೊಂಡು ಎದ್ದರು. ಬಾಗಿಲಲ್ಲಿ ನಿಂತು, ತಮಗೆ ತಾವೇ ಹೇಳಿಕೊಳ್ಳುವಂತೆ, "ಪದ ಮಾತ್ರ ಬಲು ಚೆಂದಿತ್ತು" ಎಂದರು. ಅವತ್ತು ನನಗೆ ಅವರ ನೋವು ಎಷ್ಟೆಂದು ಗೊತ್ತಾಯಿತು. ಪ್ರೆಸ್ಸಿನವನು ಮುರಿಯುತ್ತೇನೆಂದರೆ ಊಟ ಬಿಟ್ಟು ಕೂತಿದ್ದ ಮನುಷ್ಯ, ನನಗೋಸ್ಕರ ಅದನ್ನು ತಾವೇ ಮುರಿದಿದ್ದರು.

ಇಷ್ಟಾದ ಮೇಲೆ ಮೇಷ್ಟ್ರು ಬದಲಾದರು ಎಂದು ಬರೆಯುವ ಆಸೆ ನನಗಿಲ್ಲ, ಅವರು ಬದಲಾಗಲೂ ಇಲ್ಲ. ಸಾಹೇಬರು ಬಂದು ಹೋದ ಮರುದಿನವೇ ಹಾಜರಿಯಲ್ಲಿ ನಾನು ಮತ್ತೆ ಪರ್ವತರಾಜಪುತ್ರಿಯಾದೆ. ನೀರಿಗೆ ತೃಷಾಶಮನವೇ ಆಯಿತು. ನನಗೆ ಅದೇ ಸಮಾಧಾನವಾಗಿತ್ತು.

1953ರಲ್ಲಿ, ನಮ್ಮ ಜಿಲ್ಲೆ ಮೈಸೂರಿಗೆ ಸೇರಿದ ವರ್ಷ, ನಾನು ಎಂಟನೆಯ ಕ್ಲಾಸಿನ ಸರ್ಕಾರಿ ಪರೀಕ್ಷೆಯಲ್ಲಿ ಪಾಸಾದೆ. ಬಳ್ಳಾರಿಯಿಂದ ಫಲಿತಾಂಶ ತಂದವನು ಅಪ್ಪನೇ. ತಂದವನು ಮನೆಗೆ ಬರದೆ ಮೊದಲು ಮೇಷ್ಟ್ರ ಮನೆಗೆ ಹೋಗಿ ಹೇಳಿದ್ದ. ನಾನು ಓಡಿಹೋಗಿ ಮೇಷ್ಟ್ರ ಕಾಲಿಗೆ ಬಿದ್ದೆ. ಅವರು ನನ್ನ ತಲೆಯ ಮೇಲೆ ಕೈ ಇಟ್ಟು ಶುರು ಮಾಡಿದರು: "ದೀರ್ಘಾಯುರಾರೋಗ್ಯವಿದ್ಯಾಬುದ್ಧಿ..." ದನಿ ಕಟ್ಟಿತು. ನಿಂತರು. ಮತ್ತೆ ಮೊದಲಿನಿಂದ ಶುರು ಮಾಡಿದರು. ಮತ್ತೆ ಕಟ್ಟಿತು.

ಒಳಗಿನಿಂದ ಬಂದ ಶಾಂತವ್ವ, "ಹುಡುಗಿ ನಡ ನೋವಾಗತೈತಿ, ಚಲೋ ಆಗ್ಲಿ ಅಂದು ಬಿಡ್ರಿ ಇನ್ನ. ಏಳವ್ವ ಪಾರಿ" ಎಂದರು.

"ಮುಗೀಲಿ ತಡೀರಿ ಅವ್ವ" ಎಂದೆ ನಾನು, ಬಗ್ಗಿಕೊಂಡೇ.

ಮೂರನೆಯ ಸಲ ಅವರು ನಿಲ್ಲಲಿಲ್ಲ. "ದೀರ್ಘಾಯುರಾರೋಗ್ಯವಿದ್ಯಾಬುದ್ಧಿಯಶೋವಿಜಯಸಕಲಸನ್ಮಂಗಳಪರಂಪರಾವಾಪ್ತಿರಸ್ತು" ಎಂದು ಕೊನೆಯ ಅಕ್ಷರದವರೆಗೂ ಹೇಳಿದರು. ನಾನು ಆಮೇಲೆ ಎದ್ದೆ. ಅಷ್ಟು ಹೊತ್ತಿಗೆ ನನಗೆ ಅವರ ಮಾತು ಪೂರಾ ತಿಳಿಯುತ್ತಿತ್ತು.

ಮುಂದೆ ನಾನೂ ಟ್ರೈನಿಂಗ್ ಮುಗಿಸಿ ಮೇಷ್ಟ್ರಾದೆ. ಮಕ್ಕಳಿಗೆ ಸಣ್ಣ ಮಾತಿನಲ್ಲೇ ಪಾಠ ಹೇಳಿದೆ, ಮೇಷ್ಟ್ರ ಬಾಯಿ ನನಗೆ ಬರಲಿಲ್ಲ. ಆದರೆ ಒಂದು ಅಭ್ಯಾಸ ಉಳಿದುಕೊಂಡಿದೆ. ಸಭೆಯಲ್ಲಾಗಲಿ, ಮನೆ ಬಾಗಿಲಲ್ಲಾಗಲಿ, ಯಾರಾದರೂ ಸುತ್ತಿ ಬಳಸಿ ಉದ್ದುದ್ದ ಮಾತಾಡತೊಡಗಿದರೆ ಪಕ್ಕದವರು ಆಕಳಿಸುತ್ತಾರೆ, ಗಡಿಯಾರ ನೋಡುತ್ತಾರೆ, ಎದ್ದು ಹೋಗುತ್ತಾರೆ. ನಾನು ಏಳುವುದಿಲ್ಲ. ಅವರಿಗೆ ಬೇಕಾದದ್ದು ಕೊನೆಯ ಸಾಲಿನಲ್ಲಿರಬಹುದು.